ಟಿವಿಯಲ್ಲಿ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾದಾಟ) ನೋಡಿದ ಮೇಲೆ ಗರಡಿ ಹಳೇ ಕಾಲದ್ದು ಅನ್ನಿಸ್ತಿದೆ. ಬಿಟ್ಟು ಜಿಮ್ ಸೇರಲಾ?

ನಾಲ್ಕು ವರ್ಷ ಮಣ್ಣಲ್ಲಿ ಹೊರಳಿದ್ದು ದಂಡ ಆಯ್ತು ಅನ್ನಿಸ್ತಿದೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ. 2018ರಲ್ಲಿ ನಾನು ಇದನ್ನೇ ನಮ್ಮ ಗರಡಿಯ ಗುರು, ಉಸ್ತಾದರ ಎದುರು ನಿಂತು ಕೇಳಿದ್ದೆ. ಅವರು ಏನೂ ಹೇಳಲಿಲ್ಲ. ಸನಿಕೆ ಕೈಗೆ ಕೊಟ್ಟು ಮಟ್ಟಿ, ಅಂದ್ರೆ ಕುಸ್ತಿಯ ಮಣ್ಣು, ಅಗೆಯೋಕೆ ಕಳಿಸಿದರು.

ನಾನು ಮೈಸೂರಿನವನು. ಏಳು ವರ್ಷ ಗರಡಿಯಲ್ಲಿ ಸಾಮು ಮಾಡಿದ್ದೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಭಾನುವಾರ ಬೆಳಗ್ಗೆ ಎಂಎಂಎಯ ದೊಡ್ಡ ಪಂದ್ಯಾವಳಿ ಯುಎಫ್‌ಸಿ ನೋಡೋ ಚಟ ಹತ್ತಿತು. ರಷ್ಯಾದ ಫೈಟರ್ ಖಬೀಬ್ ನೂರ್ಮಗೊಮೆದೋವ್ ಎದುರಾಳಿಯ ಕಾಲಿಗೆ ನುಗ್ಗಿ, ಸೊಂಟ ಹಿಡಿದು, ಎತ್ತಿ ಹಾಕೋದನ್ನು ನೋಡಿದಾಗೆಲ್ಲ ‘ಇದು ನನಗೂ ಬರುತ್ತಲ್ಲ’ ಅನ್ನಿಸೋದು. ಜೂನ್‌ನಲ್ಲಿ ಒಂದು ಎಂಎಂಎ ಜಿಮ್ ಸೇರಿದೆ. ಗರಡಿಯಲ್ಲಿ ಏಳು ವರ್ಷಕ್ಕೆ ಕೊಟ್ಟಿದ್ದು ಆಂಜನೇಯನ ಪೂಜೆಯ ದುಡ್ಡು ಅಷ್ಟೇ. ಇಲ್ಲಿ ತಿಂಗಳಿಗೇ ಸಾವಿರಗಟ್ಟಲೆ.

ಎರಡು ತಿಂಗಳು ನಾನೇ ರಾಜ. ನನ್ನನ್ನು ಕೆಡವೋಕೆ ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಒಂದು ಶನಿವಾರ ಒಬ್ಬ ಸಾಫ್ಟ್‌ವೇರ್ ಹುಡುಗನ ಜೊತೆ ಜೋಡಿ ಹಾಕಿದರು. ಕನ್ನಡಕ ತೆಗೆದು ಬ್ಯಾಗಿನಲ್ಲಿಟ್ಟು ಬಂದ. ನನಗಿಂತ ಹತ್ತು ಹನ್ನೆರಡು ಕೆಜಿ ಕಮ್ಮಿ. ಅರ್ಧ ನಿಮಿಷಕ್ಕೆ ಎತ್ತಿ ಹಾಕಿದೆ. ಅವನ ಬೆನ್ನು ಪೂರ್ತಿ ಮ್ಯಾಟಿಗೆ, ಕುಸ್ತಿಯಲ್ಲಾದರೆ ಅಲ್ಲಿಗೆ ಗೆದ್ದ ಹಾಗೆ. ಚಿತ್. ನಮ್ಮೂರಲ್ಲಾಗಿದ್ದರೆ ಆ ಹೊತ್ತಿಗೆ ತಮಟೆ ಬಡೀತಿದ್ದರು.

ಈಗ ನನ್ನ ತಪ್ಪು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಯಾಕಂದ್ರೆ ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೂ ನನಗೆ ಇದು ಕಂಡಿರಲೇ ಇಲ್ಲ.

ಅವನು ಬಿದ್ದ ಮೇಲೆ ನಾನು ಅವನ ಎರಡು ಕಾಲುಗಳ ನಡುವೆ ಮಂಡಿಯೂರಿದ್ದೆ. ಎರಡೂ ಅಂಗೈ ಅವನ ಎದೆ ಮೇಲಿಟ್ಟು, ಕೈ ನೆಟ್ಟಗೆ ಚಾಚಿ, ಮೈಯ ಭಾರವೆಲ್ಲ ಬಿಟ್ಟೆ. ಬೆನ್ನು ಏಳದ ಹಾಗೆ ಅದುಮಿ ಹಿಡಿಯೋದು ನನಗೆ ಅಷ್ಟು ಅಭ್ಯಾಸ. ಒಳಗೆ ಮನಸ್ಸು ‘ಮುಗೀತು’ ಅಂದಿತ್ತು. ಅವನಿಗೆ ಆಟ ಆಗ ಶುರುವಾಗಿತ್ತು. ನನ್ನ ಎಡ ಮುಂಗೈ ಹಿಡಿದ. ಒಂದು ಪಾದ ನನ್ನ ಸೊಂಟಕ್ಕೆ ಊರಿ, ಗಡಿಯಾರದ ಮುಳ್ಳಿನ ಹಾಗೆ ಬೆನ್ನ ಮೇಲೇ ಪಕ್ಕಕ್ಕೆ ತಿರುಗಿದ. ಇನ್ನೊಂದು ಕಾಲು ನನ್ನ ಮುಖದ ಮೇಲೆ ಬಂತು. ನನ್ನ ಮೊಣಕೈ ಅವನ ಕಿಬ್ಬೊಟ್ಟೆ ಮೇಲೆ, ಹೆಬ್ಬೆರಳು ಸೂರು ನೋಡ್ತಿದೆ. ಮೊಣಕೈಯನ್ನು ಉಲ್ಟಾ ಬಗ್ಗಿಸೋ ಈ ಪಟ್ಟಿಗೆ ಆರ್ಮ್‌ಬಾರ್ ಅಂತಾರೆ. ಕೈ ಮಡಚಿದ್ದರೆ ಅವನು ಮೊದಲು ಅದನ್ನು ಬಿಡಿಸಬೇಕಿತ್ತು. ನಾನು ಬಿಡಿಸಿಯೇ ಕೊಟ್ಟಿದ್ದೆ, ಬಾಳೆಹಣ್ಣು ಸುಲಿದು ಕೊಟ್ಟ ಹಾಗೆ.

ಅಲ್ಲಿಗೂ ಏನೂ ಕೆಟ್ಟಿರಲಿಲ್ಲ. ‘ಸೋತೆ, ಬಿಡು’ ಅನ್ನೋ ಸನ್ನೆಯಾಗಿ ಅವನ ಮೈಗೆ ಎರಡು ಸಲ ತಟ್ಟಿದ್ದರೆ ಬಿಡ್ತಿದ್ದ. ಪಾಪ, ಕಾಯುತ್ತಲೂ ಇದ್ದ. ಕೋಚ್ ‘ಟ್ಯಾಪ್, ಟ್ಯಾಪ್’ ಅಂತ ಕೂಗಿದ್ದೂ ಕೇಳಿಸಿತು. ಆದರೆ ನನ್ನ ಗರಡಿಯಲ್ಲಿ ತಟ್ಟೋದು ಅಂತ ಒಂದು ಇರಲಿಲ್ಲ. ಪಟ್ಟಿಗೆ ಸಿಕ್ಕರೆ ಹಲ್ಲು ಕಚ್ಚಿ ತಡೀಬೇಕು, ಬೆವರಿನಲ್ಲಿ ಹಿಡಿತ ಜಾರೋವರೆಗೂ ಕಾಯಬೇಕು. ಕತ್ತು, ಸೊಂಟ ನೋಯುವಾಗ ಆ ಹಟ ನಡೆಯುತ್ತೆ, ಯಾಕಂದ್ರೆ ನೋವು ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ. ಮೊಣಕೈ ಕೀಲಿಗೆ ಮೆಟ್ಟಿಲಿಲ್ಲ. ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಹಸಿ ಸೌದೆ ಮುರಿದ ಹಾಗೆ ಲಟಕ್. ಎರಡು ಸೆಕೆಂಡು ತಡೆದಿರಬಹುದು, ಅಷ್ಟೇ.

ಲಿಗಮೆಂಟ್ ಹರಿದಿತ್ತು. ಆರು ವಾರ ಕೈ ಜೋಳಿಗೆಯಲ್ಲಿ. ಆ ವರ್ಷದ ದಸರಾ ಕುಸ್ತಿಗೆ ನನಗೆ ಜೋಡಿ ಕಟ್ಟಬೇಕಿತ್ತು, ಅದೂ ಹೋಯ್ತು. ಮನೆಯಲ್ಲಿ ಗಾಡಿಯಿಂದ ಬಿದ್ದೆ ಅಂತ ಸುಳ್ಳು ಹೇಳಿದೆ.

ಮಲಗಿದ್ದಾಗ ಕೋಚ್ ಒಂದು ಹಳೇ ಪಂದ್ಯ ನೋಡು ಅಂತ ಕಳಿಸಿದರು. 1994ರ ಡಿಸೆಂಬರ್, ನಾಲ್ಕನೇ ಯುಎಫ್‌ಸಿಯ ಫೈನಲ್. ಡ್ಯಾನ್ ಸೆವರ್ನ್ ಅನ್ನೋ ದೈತ್ಯ ಕುಸ್ತಿಪಟು ಮೇಲೆ. ಅವನಿಗಿಂತ 30 ಕೆಜಿಗೂ ಹೆಚ್ಚು ಹಗುರವಾಗಿದ್ದ ಹೊಯ್ಸ್ ಗ್ರೇಸಿ ಕೆಳಗೆ, ಅಂಗಾತ. ನಮ್ಮ ಲೆಕ್ಕದಲ್ಲಿ ಗ್ರೇಸಿ ಯಾವತ್ತೋ ಸೋತ. ಆದರೆ 15 ನಿಮಿಷ ಹಾಗೇ ಬಿದ್ದಿದ್ದು, ಕೊನೆಗೆ ಕಾಲುಗಳಲ್ಲೇ ಸೆವರ್ನ್ ಕತ್ತು ಬಿಗಿದು ಗೆದ್ದ. ತಮಾಷೆ ಏನು ಗೊತ್ತಾ? ಆ ರಾತ್ರಿ ಟಿವಿಗೆ ಕೊಟ್ಟಿದ್ದ ಸಮಯ ಮೀರಿಹೋಗಿ, ದುಡ್ಡು ಕಟ್ಟಿ ನೋಡ್ತಿದ್ದ ಎಷ್ಟೋ ಮನೆಗಳಲ್ಲಿ ಪ್ರಸಾರ ನಡುವೆಯೇ ನಿಂತುಹೋಯ್ತು. ಅವರು ನೋಡಿದ್ದು ಕೆಳಗೆ ಬಿದ್ದಿದ್ದ ಗ್ರೇಸಿಯನ್ನು ಮಾತ್ರ.

ಅದಕ್ಕೇ ‘ಗರಡಿ ಮೇಲಾ, ಟಿವಿಯ ಎಂಎಂಎ ಮೇಲಾ’ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನೀವು ಪಕ್ಕದ ಮನೆಯ ಮದುವೆ ಊಟ ನೋಡಿ ನಿಮ್ಮನೆ ಸಾರನ್ನು ಬೈತಿದ್ದೀರಿ. ಟಿವಿಯವರು ಪಂದ್ಯದ ದಿನ ತೋರಿಸ್ತಾರೆ. ಅದಕ್ಕಿಂತ ಮುಂಚಿನ ಸಾವಿರ ಬೆಳಗ್ಗೆಗಳನ್ನು ತೋರಿಸಲ್ಲ, ತೋರಿಸಿದರೆ ಯಾರೂ ನೋಡೋದೂ ಇಲ್ಲ. ‘ಅದು ನಿಜವಾದ ಫೈಟ್’ ಅನ್ನೋದೂ ಸುಮ್ನೆ ಮಾತು. ಅಲ್ಲೂ ಐದೈದು ನಿಮಿಷದ ರೌಂಡು, ಕಣ್ಣಿಗೆ ಬೆರಳು ಹಾಕಂಗಿಲ್ಲ, ತಲೆ ಹಿಂಭಾಗಕ್ಕೆ ಗುದ್ದಂಗಿಲ್ಲ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗೀತು. ವಿಜಯದಶಮಿ ದಿನ ಅರಮನೆಯಲ್ಲಿ ನಡೆಯೋ, ಕೈಗೆ ಮೊನೆಯ ಆಯುಧ ತೊಟ್ಟು ಕಾದಾಡೋ ವಜ್ರಮುಷ್ಟಿಯಲ್ಲಿ ತಲೆಯಿಂದ ಮೊದಲ ಹನಿ ರಕ್ತ ಬಂದರೆ ಮುಗೀತು. ‘ಮುಗೀತು’ ಎಲ್ಲಿ ಅನ್ನೋದು ಬೇರೆ ಬೇರೆ. ನನ್ನ ಮೈಗೆ ಒಂದೇ ‘ಮುಗೀತು’ ಗೊತ್ತಿತ್ತು.

ಇನ್ನು ‘ಹಳೇ ಕಾಲದ್ದು’ ಅನ್ನೋ ಮಾತು. ಗ್ರೇಸಿ ಮನೆತನಕ್ಕೆ ಕೆಳಗೆ ಬಿದ್ದೂ ಗೆಲ್ಲೋ ಆ ವಿದ್ಯೆ ಬಂದದ್ದು ಮಯೆದಾ ಅನ್ನೋ ಜಪಾನಿ ಜೂಡೋ ಗುರುವಿನಿಂದ. 2009ರಲ್ಲಿ ಯುಎಫ್‌ಸಿ ಚಾಂಪಿಯನ್ ಆದ ಲ್ಯೋಟೊ ಮಚೀಡಾ ಅಪ್ಪನಿಂದ ಕರಾಟೆ ಕಲಿತವನು. 2024ರಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯಳಾದ ಪೂಜಾ ತೋಮರ್ ವೂಶು ಅನ್ನೋ ಚೀನೀ ಸಮರಕಲೆ ಆಡಿ ಬಂದವಳು. ಬರೀ ಟಿವಿ ನೋಡಿ ಬಂದವನು ಅಂದ್ರೆ ನಾನೊಬ್ಬನೇ ಇರಬೇಕು.

ಗರಡಿ ಬಿಡಬೇಡಿ. ಜಿಮ್‌ಗೂ ಹೋಗಿ, ಬೇಡ ಅನ್ನಲ್ಲ. ಆದರೆ ಅಲ್ಲಿ ಮೊದಲ ವಾರ ಬೇರೇನೂ ಕಲೀಬೇಡಿ, ತಟ್ಟೋದು ಕಲೀರಿ. ನಾಚಿಕೆ ಬಿಟ್ಟು, ನೋಯೋಕೆ ಮುಂಚೆಯೇ ತಟ್ಟಿ. ಗರಡಿಯಿಂದ ಬಂದವರಿಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ಕೈ ಸ್ವಲ್ಪ ಸರಿಹೋದ ಮೇಲೆ ಊರಿಗೆ ಹೋದೆ. ಉಸ್ತಾದರು ಮಟ್ಟಿ ಅಂಚಲ್ಲಿ ಕೂತಿದ್ದರು. ಎಲ್ಲ ಹೇಳಿದೆ.

‘ಬೀಳ್ಸುದ್ಯಾ ಇಲ್ವಾ?’

‘ಬೀಳ್ಸುದೆ ಉಸ್ತಾದ್ರೆ.’

‘ಚಿತ್ತಾ?’

‘ಚಿತ್ತೇ.’

‘ಮತ್ತೆ ನೀನೆಂಗ್ಲಾ ಸೋತೆ?’

ಬಾಯಲ್ಲಿ ಹೇಳಿದರೆ ಅರ್ಥ ಆಗಲಿಲ್ಲ. ಒಬ್ಬ ಹುಡುಗನನ್ನು ಕರೆದು ಮಣ್ಣಲ್ಲಿ ಅಂಗಾತ ಮಲಗಿಸಿ, ಅವನ ಎದೆ ಮೇಲೆ ಕೈ ಊರಿ ತೋರಿಸಿದೆ. ಉಸ್ತಾದರು ಎದ್ದು ಬಂದರು. ಕೂತಿದ್ದ ಜಾಗದಿಂದ ನನ್ನ ಹತ್ತಿರ ಬರೋಷ್ಟರಲ್ಲೇ ಅವರಿಗೆ ಕಂಡಿತ್ತು. ಕೋಲಿನಿಂದ ನನ್ನ ಎಡ ಮೊಣಕೈಗೆ ಒಂದು ತಟ್ಟಿದರು.

‘ಇದು ಪಕ್ಕೆಗೆ ಅಂಟ್ಕೊಂಡಿರ್ಬೇಕು ಅಂತ ಮೊದಲ್ನೇ ದಿನವೇ ಹೇಳಿದ್ನಲ್ಲೋ.’

ಹೇಳಿದ್ದರು.