ಬಸ್ಸಿನ ಗಾಜಿನಲ್ಲಿ ಕಂಡ ಮುಖ

ಏಪ್ರಿಲ್ ಬಿಸಿಲಿಗೆ ಧಾರವಾಡ ಕಾದಿತ್ತು. ಆ ಹುಡುಗಿ ಮಾತ್ರ ತುಂಬು ತೋಳಿನ ಚೂಡಿದಾರ ಹಾಕಿಕೊಂಡು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದಳು. ವಯಸ್ಸು ಇಪ್ಪತ್ತರ ಆಸುಪಾಸು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ನಿಂತೇ ಬಂದಳಂತೆ, ಸೀಟು ಖಾಲಿ ಇದ್ದರೂ.

“ಕಿಟಕಿ ಗಾಜಿನ್ಯಾಗ ನನ್ನ ಮಾರಿ ಕಂಡ್ರ ಅಂಜಿಕಿ ಬರ್ತೈತ್ರಿ ಮೇಡಂ. ನಾ ತಿರುಗಿದ್ರೂ ಅದು ತಿರುಗೂದಿಲ್ಲೇನೋ ಅನಸ್ತೈತಿ.”

ಭರತನಾಟ್ಯದ ವಿದ್ವತ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಒಂದು ರಾತ್ರಿ ಒಬ್ಬಳೇ ಇಯರ್‌ಫೋನ್ ಹಾಕಿಕೊಂಡು ‘ಬ್ಲ್ಯಾಕ್ ಸ್ವಾನ್’ ನೋಡಿದ್ದಳು. ಡ್ಯಾರೆನ್ ಅರೊನೊಫ್‌ಸ್ಕಿಯ 2010ರ ಸಿನಿಮಾ. ಒಂದೂ ತಪ್ಪಿಲ್ಲದೆ ಕುಣಿಯಬೇಕೆಂದು ತನ್ನನ್ನೇ ಹರಿದುಕೊಳ್ಳುವ ನೀನಾ ಎಂಬ ಬ್ಯಾಲೆ ನರ್ತಕಿಯ ಕಥೆ. ನೀನಾ ಕೂಡ ರೈಲಿನ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ. ನನಗೆ ಇಷ್ಟದ ಸಿನಿಮಾ ಅದು. ಆದರೆ ಪರೀಕ್ಷೆ ಹತ್ತಿರವಿರುವವರು ರಾತ್ರಿ ಒಬ್ಬರೇ ನೋಡುವಂಥದ್ದಲ್ಲ.

ಪ್ರತಿಬಿಂಬ ಬೇರೆಯಾಗಿ ಚಲಿಸಿದ್ದನ್ನು ನಿಜವಾಗಿ ಕಂಡೆಯಾ, ಸುಮ್ನೆ ಹಾಗನ್ನಿಸಿತಾ ಎಂದು ಮೊದಲು ಕೇಳಿದೆ. “ಅನಸ್ತೈತ್ರಿ ಅಷ್ಟ.” ಕಂಡೆ ಎಂದಿದ್ದರೆ ಅವತ್ತೇ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ.

ಎರಡನೇ ಭೇಟಿಯಲ್ಲಿ, ಅವಳ ಒಪ್ಪಿಗೆ ಕೇಳಿ, ಹಾಡುಹಗಲೇ ಸದ್ದು ಬಂದ್ ಮಾಡಿ ಕೆಲವು ದೃಶ್ಯ ನೋಡಿದೆವು. ಅಂಜಿಕೆ ಅರ್ಧ ಇಳಿಯಿತು. ಆಮೇಲೆ ಸದ್ದು ಹಾಕಿದೆ. ಏದುಸಿರು, ಕಾಲ್ಬೆರಳಿನ ಲಟಿಕೆ. “ಇಯರ್‌ಫೋನ್‌ನಲ್ಲಿ ಇದೆಲ್ಲ ನಿನ್ನ ಮೈಯೊಳಗಿಂದಲೇ ಬಂದ ಹಾಗಿತ್ತು, ಅಲ್ವಾ?” ತಲೆಯಾಡಿಸಿದಳು. ಸಿನಿಮಾದ ಬಹುಪಾಲು 16 ಎಂಎಂ ಎಂಬ ಕಿರಿದಾದ ಫಿಲ್ಮ್‌ನಲ್ಲಿ, ಕ್ಯಾಮೆರಾ ಕೈಯಲ್ಲಿ ಹಿಡಿದು ತೆಗೆದದ್ದು. ಚಿತ್ರ ತರಿತರಿಯಾಗಿದೆ, ಅಲುಗಾಡುತ್ತದೆ. ನೀನಾಳ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ, ನಮಗೆ ದೂರ ನಿಂತು ನೋಡಲು ಬಿಡುವುದಿಲ್ಲ. ಕನ್ನಡಿ ದೃಶ್ಯದಲ್ಲಿ ನಿಲ್ಲಿಸಿ, ಕ್ಯಾಮೆರಾ ಎಲ್ಲಿದೆ, ಕನ್ನಡಿಯಲ್ಲಿ ಕಾಣಬೇಕಿತ್ತಲ್ಲ ಎಂದೆ. ಬಹಳ ಹೊತ್ತು ಹುಡುಕಿದಳು.

“ಅಳಿಸ್ಯಾರೇನ್ರಿ?”

ಹೌದು, ಕಂಪ್ಯೂಟರ್‌ನಲ್ಲಿ. ಮೊದಲ ಸಲ ನಕ್ಕಳು.

ನೀನಾ ಭುಜ ಕೆರೆದುಕೊಂಡ ಗುರುತು ತೆರೆಯ ಮೇಲೆ ಬಂದಾಗ ನಗು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ತಾನೇ ತೋಳು ಸರಿಸಿ ತೋರಿಸಿದಳು. ಮೊಣಕೈ ಮೇಲೆ ಉಗುರಿನ ಗೀರುಗಳು, ಎರಡು ಇನ್ನೂ ಹಸಿ. ಸಿನಿಮಾ ನೋಡುವುದಕ್ಕೂ ಒಂದು ವರ್ಷ ಹಿಂದಿನಿಂದ ಇದ್ದದ್ದು. ಅರಮಂಡಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರುವ ಭಂಗಿ, ಸರಿಯಾಗಿ ಕೂರದ ದಿನ ಜಾಸ್ತಿ. ಅದನ್ನವಳು ಛಲ ಅಂದುಕೊಂಡಿದ್ದಳು. ಬೇರೊಬ್ಬಳ ಚರ್ಮದ ಮೇಲೆ ಕಂಡಾಗಲೇ ಗಾಯ ಅನ್ನಿಸಿದ್ದು. ಅದಕ್ಕೇ, ಆ ಸಿನಿಮಾ ನೋಡಬಾರದಿತ್ತು ಎಂದು ನಾನು ಹೇಳಲಿಲ್ಲ.

ಹೇಳಿದ್ದು ಇಷ್ಟು. ವಾರಕ್ಕೆ ಮೂರು ದಿನ ಕನ್ನಡಿಗೆ ಬೆನ್ನು ಮಾಡಿ ಅಭ್ಯಾಸ ಮಾಡು. ಪಾದ ನೆಲಕ್ಕೆ ಬೀಳುವ ಸದ್ದು ಕೇಳು, ಅದು ಸಾಕು. ತಪ್ಪಿದ ಹೆಜ್ಜೆಯನ್ನು, ಅಂದರೆ ಅಡವನ್ನು, ಮೂರೇ ಸಲ ಮಾಡು, ನಾಲ್ಕನೆಯದು ನಾಳೆಗೆ. ಕೈ ತೋಳಿನ ಕಡೆ ಹೋದರೆ ಗೆಜ್ಜೆ ಹಿಡಿದುಕೋ. ಗಾಯವನ್ನು ಡಾಕ್ಟರಿಗೆ ತೋರಿಸು. ಗುರುಗಳಿಗೆ ಹೇಳಲು ಹೆದರಿದಳು. ಹಾಗಾದರೆ ಅವ್ವನಿಗೆ ಹೇಳು ಎಂದೆ.

ನಾಲ್ಕನೇ ಭೇಟಿಗೆ ಅವ್ವನ ಜೊತೆ ಬಂದಳು, ಅರ್ಧ ತೋಳಿನ ಕುರ್ತಾದಲ್ಲಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಅವ್ವನನ್ನು ಕೂರಿಸಿ, ತಾನು ಈಚೆ ಕೂತಿದ್ದಳಂತೆ.