ಮೋಲ್ಡ್ ದಿನ ನೀರಿನ ಬಕೆಟ್ ಮೇಲೆ ಕಣ್ಣಿಡಿ

ನಿಮ್ಮ ಪ್ರಶ್ನೆ ಇದು: ಕೆಂಗೇರಿ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಮುಂದಿನ ವಾರ ಮೋಲ್ಡ್, ಅಂದರೆ ಚಾವಣಿಗೆ ಕಾಂಕ್ರೀಟ್ ಹಾಕುವ ಕೆಲಸ. "ಕಾಂಕ್ರೀಟ್ ಸ್ವಲ್ಪ ಲೂಸಾಗಿದ್ರೆ ಚೆನ್ನಾಗಿ ಕೂರುತ್ತೆ ಸಾರ್, ಆಮೇಲೆ ಮೂರು ದಿನ ನೀರು ಬಿಟ್ರೆ ಸಾಕು" ಅಂತಾರೆ ಮೇಸ್ತ್ರಿ. ಇಂಜಿನಿಯರಿಂಗ್ ಗೊತ್ತಿಲ್ಲದ ನೀವು ಅಲ್ಲಿ ನಿಂತು ಏನು ನೋಡಬೇಕು?

ನಾನು 22 ವರ್ಷದಿಂದ ಬೆಂಗಳೂರಿನಲ್ಲಿ ಸೈಟ್ ಸೂಪರ್‌ವೈಸರ್. ನಿಮ್ಮ ಮೇಸ್ತ್ರಿ ಹೇಳಿದ ಎರಡೂ ಮಾತು ತಪ್ಪು. ಬೇಡದ ಹೊತ್ತಲ್ಲಿ ನೀರು ಸುರಿದು, ಬೇಕಾದ ಹೊತ್ತಲ್ಲಿ ನಿಲ್ಲಿಸುವ ಲೆಕ್ಕ ಅದು. ಮಿಕ್ಸರ್ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತು ಬಕೆಟ್ ಎಣಿಸಿ, ಮೊದಲ ಕೆಲಸ ಅದು.

ಮನೆಗೆ ಸಾಮಾನ್ಯವಾಗಿ ಬಳಸುವ ಎಂ20 ದರ್ಜೆಯ ಕಾಂಕ್ರೀಟನ್ನು ಸೈಟಿನಲ್ಲೇ ಕಲಸುವುದಾದರೆ 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ ಹೆಚ್ಚೆಂದರೆ 30 ಲೀಟರ್ ನೀರು. ಅಂದರೆ 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಒಂದೂವರೆ. ಹಿಂದಿನ ರಾತ್ರಿ ಮಳೆ ಬಂದು ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ನೆಂದಿದ್ದರೆ ಅದರಲ್ಲೇ ನೀರಿರುತ್ತದೆ, ಬಕೆಟ್ಟಿನದು ಇನ್ನೂ ಕಡಿಮೆಯಾಗಬೇಕು. ಪೈಪು ಹಿಡಿದು ಅಂದಾಜಿನ ಮೇಲೆ ಬಿಡುವುದಕ್ಕೆ ಬಿಡಬೇಡಿ. ಸಿಮೆಂಟಿಗೆ ಬೇಕಾದ್ದಕ್ಕಿಂತ ಹೆಚ್ಚು ಹಾಕಿದ ನೀರು ನಿಧಾನಕ್ಕೆ ಆರಿಹೋಗಿ, ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು ಬಿಡುತ್ತದೆ. ಮುಂದೆ ಅದೇ ತೂತಿನಿಂದ ತೇವ, ಗಾಳಿ ಒಳಗೆ ಹೋಗಿ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ಹಳೇ ಮನೆಗಳ ಬಚ್ಚಲ ಸೀಲಿಂಗು, ಸಜ್ಜದ ಅಂಚು ಹೆಂಟೆಹೆಂಟೆಯಾಗಿ ಉದುರುವುದನ್ನು ನೋಡಿರುತ್ತೀರಿ. ಆಮೇಲೆ ಮೇಲಿಂದ ಪ್ಲಾಸ್ಟರ್ ಮೆತ್ತಿಸಿದರೆ ಎರಡು ಮಳೆಗಾಲ ತಡೆದೀತು.

ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ಬರುವ ರೆಡಿಮಿಕ್ಸ್ ತರಿಸಿದರೆ ಚಿಂತೆಯಿಲ್ಲ ಅಂದುಕೊಳ್ಳಬೇಡಿ. ಲಾರಿ ಮೈಸೂರು ರಸ್ತೆ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬರುವಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗತೊಡಗಿರುತ್ತದೆ, ಡ್ರೈವರ್ ತನ್ನ ಟ್ಯಾಂಕಿನ ಪೈಪನ್ನೇ ಡ್ರಮ್ಮಿಗೆ ತಿರುಗಿಸುತ್ತಾನೆ. ಚೀಟಿಯಲ್ಲಿ ಲೋಡಾದ ಸಮಯ ಇರುತ್ತದೆ. ಅಲ್ಲಿಂದ ಎರಡು ಗಂಟೆಯೊಳಗೆ ಸುರಿದು ಮುಗಿಯಬೇಕು. ನೀರು ಹಾಕಲು ಬಿಡಬೇಡಿ. ತೀರಾ ಗಟ್ಟಿಯಾಗಿದ್ದರೆ ಪ್ಲಾಂಟಿಗೆ ಫೋನ್ ಮಾಡಿ, ಅವರ ಟೆಕ್ನಿಶಿಯನ್ ಕೆಮಿಕಲ್ ಹಾಕಿ ಸರಿಮಾಡಲಿ.

ಕಡಿಮೆ ನೀರಿನ ಕಾಂಕ್ರೀಟ್ ಕೂರುವುದು ವೈಬ್ರೇಟರಿನಿಂದ. ಅದರ ನಡುಗುವ ಉದ್ದ ತುದಿಯನ್ನು, ಅಂದರೆ ಸೂಜಿಯನ್ನು, ನೆಟ್ಟಗೆ ಇಳಿಸಿ, ಗುಳ್ಳೆ ಬರುವುದು ನಿಂತ ಮೇಲೆ ನಿಧಾನಕ್ಕೆ ಎತ್ತಬೇಕು. ಕಾಂಕ್ರೀಟನ್ನು ಅದರಲ್ಲೇ ಎಳೆದಾಡಿದರೆ ಜಲ್ಲಿ ಒಂದು ಕಡೆ, ಸಿಮೆಂಟಿನ ಹಾಲು ಒಂದು ಕಡೆ. ಕರೆಂಟಿನ ವೈಬ್ರೇಟರ್ ಆದರೆ ವೈರಿಗೆ ಟೇಪ್ ಸುತ್ತಿದ್ದಾರಾ ನೋಡಿ, ಸುತ್ತಿದ್ದರೆ ವಾಪಸ್ ಕಳಿಸಿ. ಹಿಂದಿನ ದಿನವೇ ಕಂಬಿಯ ಕೆಳಗೆ ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇದೆಯಾ ಅಂತ ಬಗ್ಗಿ ನೋಡಿಬಿಡಿ. ಸ್ಲ್ಯಾಬಿಗೆ 20 ಮಿ.ಮೀ. ಎತ್ತರದ್ದು ಬೇಕು. ಬ್ಲಾಕಿನ ಬದಲು ಜಲ್ಲಿ ಚೂರು ತುರುಕುವುದು ನಮ್ಮವರ ಹಳೇ ಚಾಳಿ.

ಈಗ ಬೇಕಾದ ನೀರಿನ ಮಾತು, ಅಂದರೆ ಕ್ಯೂರಿಂಗ್: ಹಾಕಿದ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿಡುವುದು. ಬೆಂಗಳೂರು ತಂಪು ಊರು ಅಂತ ನಂಬಿ ಮೋಸ ಹೋಗಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಎಷ್ಟು ಒಣಗಿರುತ್ತದೆಂದರೆ ಮಧ್ಯಾಹ್ನ ಹಾಕಿದ ಸ್ಲ್ಯಾಬಿನ ಮೈಮೇಲೆ ಸಂಜೆಯೊಳಗೆ ಕೂದಲೆಳೆ ಬಿರುಕು ಬಿಡುತ್ತದೆ. ಮಟ್ಟ ಮಾಡಿದ ಕಡೆಯಿಂದಲೇ ಪ್ಲಾಸ್ಟಿಕ್ ಹೊದಿಸುತ್ತಾ ಬನ್ನಿ. ಮಾರನೇ ದಿನ ಸಣ್ಣ ಕಟ್ಟೆ ಕಟ್ಟಿ ಸ್ಲ್ಯಾಬಿನ ಮೇಲೆ ನೀರು ನಿಲ್ಲುವಂತೆ ಮಾಡಿ. ಈಗ ಮನೆಗಳಿಗೆ ಹೆಚ್ಚಾಗಿ ಬರುವುದು ಪಿಪಿಸಿ ಸಿಮೆಂಟು (ಹಾರುಬೂದಿ ಬೆರೆಸಿದ್ದು), ಅದಕ್ಕೆ ಕನಿಷ್ಠ 10 ದಿನ ಬೇಕು. ನಾನು 14 ದಿನ ಬಿಡದೆ ನಿಲ್ಲಿಸುತ್ತೇನೆ. ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂದಾಗ ಎಷ್ಟೋ ಜನ ಕ್ಯೂರಿಂಗನ್ನೇ ಕೈಬಿಟ್ಟರು. ನಿಲ್ಲಿಸಿದ ನೀರಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರೆ ಕಡಿಮೆ ನೀರಿನಲ್ಲಿ ಮುಗಿಯುತ್ತಿತ್ತು.

ಸ್ಲ್ಯಾಬಿನ ಕೆಳಗೆ ಆಸರೆಗೆ ಕೊಟ್ಟ ಗೂಟಗಳನ್ನು (ಮುಟ್ಟು) ಬಿಚ್ಚಲು ಅವಸರ ಬೇಡ. 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಗೋಡೆ-ಬೀಮುಗಳ ನಡುವಿನ ಅಗಲ ಅದಕ್ಕಿಂತ ಹೆಚ್ಚಿದ್ದರೆ 14, ಬೀಮಿನ ಅಡಿಯದಕ್ಕೆ ಕನಿಷ್ಠ 14. ಪಿಪಿಸಿಗೆ ಇನ್ನೂ ಕೆಲವು ದಿನ ಸೇರಿಸಿ.

ಮೈಮೇಲೂ ನಿಗಾ ಇರಲಿ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಗೆ ಬೇಯುತ್ತದಲ್ಲ, ನೀರು ಬಿದ್ದ ಸಿಮೆಂಟಿನಲ್ಲಿ ಹುಟ್ಟುವುದೂ ಅದೇ ಸುಣ್ಣ. ಸುಡುವಾಗ ಗೊತ್ತೇ ಆಗುವುದಿಲ್ಲ. ಶುರುವಿನಲ್ಲಿ ನಾನೊಮ್ಮೆ ಹಸಿ ಕಾಂಕ್ರೀಟಿನಲ್ಲಿ ಮಂಡಿಯೂರಿ ಮಟ್ಟ ನೋಡಿದೆ. ಪ್ಯಾಂಟು ಒದ್ದೆಯಾದದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ರಾತ್ರಿ ಬಿಚ್ಚಿದರೆ ಎರಡೂ ಮಂಡಿಯ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು, ಒಂದು ತಿಂಗಳು ಕೆಳಗೆ ಕೂರಲಾಗಲಿಲ್ಲ. ಮೋಲ್ಡ್ ದಿನ ಎಲ್ಲರಿಗೂ ಬಿರಿಯಾನಿ ಕೊಡಿಸುವ ಮಾಲೀಕರು ಬಾಂಡ್ಲಿ ಹೊರುವ ಹೆಂಗಸರಿಗೆ ರಬ್ಬರ್ ಗ್ಲೌಸ್ ಕೊಡಿಸಿದ್ದನ್ನು ನಾನು ಕಂಡದ್ದು ಕಡಿಮೆ. ನೀವು ಕೊಡಿಸಿ, ಗಂಬೂಟನ್ನೂ ಸೇರಿಸಿ. ಕಣ್ಣಿಗೆ ಸಿಡಿದರೆ ಉಜ್ಜದೆ 20 ನಿಮಿಷ ಒಳ್ಳೆಯ ನೀರಿನಲ್ಲಿ ತೊಳೆದು ಆಮೇಲೆ ಮಿಂಟೋ ಆಸ್ಪತ್ರೆಗೋ, ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರಕ್ಕೋ ಓಡಿ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ನಿಮ್ಮ ಸಂಪಿನ ಮೇಲುಮುಚ್ಚಿಗೆ ಹಾಕಿ ಆಗಿರಬೇಕು. ಕಾಂಕ್ರೀಟ್ ಹಿಡಿಯಲು ಒಳಗೆ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಿದ್ದಾರಾ? ಮುಚ್ಚಿದ ಗುಂಡಿಯಲ್ಲಿ ಒದ್ದೆ ಮರ ಕೊಳೆಯುತ್ತಾ ಅಲ್ಲಿನ ಆಮ್ಲಜನಕವನ್ನು ತಿಂದುಹಾಕುತ್ತದೆ, ವಿಷಗಾಳಿಯೂ ಸೇರಬಹುದು. ಹಲಗೆ ತೆಗೆಯಲು ಇಳಿದವನು ಕೂಗದೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ದೀಪ ಇಳಿಸಿ ನೋಡುವ ಉಪಾಯ ನಂಬಬೇಡಿ, ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಹುದು. ಮುಚ್ಚಳ ತೆಗೆದು, ಯಾರೂ ಬೀಳದಂತೆ ಸುತ್ತ ಅಡ್ಡ ಕಟ್ಟಿ, ಇಡೀ ದಿನ ಬಿಡಿ. ಆಮೇಲೆ ಬ್ಲೋವರ್‌ನಿಂದ ತಳದವರೆಗೆ ಗಾಳಿ ಊದಿಸಿ, ಗ್ಯಾಸ್ ಮೀಟರ್ ಇರುವವರನ್ನು ಕರೆಸಿ ಅಳತೆ ಮಾಡಿಸಿ. ಗಾಳಿ ಸರಿಯಿದೆ ಅಂತ ಅವರು ಹೇಳಿದ ಮೇಲೆ ಸೇಫ್ಟಿ ಬೆಲ್ಟಿಗೆ ಹಗ್ಗ ಕಟ್ಟಿ ಒಬ್ಬರನ್ನು ಮಾತ್ರ ಇಳಿಸಿ, ಮೇಲೆ ಇಬ್ಬರು ಹಗ್ಗ ಹಿಡಿದಿರಲಿ, ಬ್ಲೋವರ್ ಓಡುತ್ತಲೇ ಇರಲಿ. ಅವನು ಮಾತಾಡುವುದು ನಿಂತರೆ ಹಗ್ಗ ಎಳೆಯಿರಿ, 112ಕ್ಕೆ ಫೋನ್ ಮಾಡಿ. ಬೇರೆ ಯಾರೂ ಇಳಿಯಕೂಡದು.