ಹಳೆ ಮಾಳಿಗೆ, ಹೊಸ ರಸ್ತೆ: ಬಳ್ಳಾರಿ ಪೇಟೆಯ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೇರು ಬೀದಿ ಕಡೆ ನಮ್ಮದು ಅಜ್ಜನ ಕಾಲದ ಮಾಳಿಗೆ ಅಂಗಡಿ, ಅಂದ್ರೆ ಮರದ ಮೇಲೆ ಮಣ್ಣು ಹಾಸಿದ ಚಾವಣಿಯದ್ದು. ಮುಂದೆ ವ್ಯಾಪಾರ, ಹಿಂದೆ ಮನೆ. ರಸ್ತೆ ಅಗಲ ಮಾಡ್ತೀವಿ ಅಂತ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದಾರೆ. ಆರು ಅಡಿ ಹೋಗುತ್ತಂತೆ. ಉಳಿದದ್ದು ನಿಲ್ಲುತ್ತಾ, ಪೂರ್ತಿ ಕೆಡವಿ ಆರ್‌ಸಿಸಿ ಕಟ್ಟೋದೇ ಒಳ್ಳೇದಾ?

ಉತ್ತರ: ನಿಲ್ಲುತ್ತದೆ, ಸರಿಯಾಗಿ ಬಿಡಿಸಿದರೆ. ಹೀಗೆ ಮುಂಭಾಗ ಕಳೆದುಕೊಂಡ ಮಾಳಿಗೆಗಳು ಬೀಳುವುದು ಹಳತಾಗಿವೆ ಎಂದಲ್ಲ, ಜೆಸಿಬಿ ಹಲ್ಲಿನಿಂದ ಎಳೆಯುವುದರಿಂದ. ನಿಮ್ಮ ಗೋಡೆ ಒಳಗೊಂದು ಹೊರಗೊಂದು ಕಲ್ಲಿನ ಮುಖ ಇಟ್ಟು, ನಡುವೆ ಜಲ್ಲಿ ಮತ್ತು ಕೆಸರು ತುಂಬಿ ಕಟ್ಟಿದ್ದು. ಒಂದು ಕಡೆ ಎಳೆದರೆ ನಡುವಿನ ತುಂಬು ಸುರಿಯುತ್ತದೆ. ಆಮೇಲೆ ಎರಡೂ ಮುಖ ಬಿಚ್ಚಿಕೊಳ್ಳುತ್ತವೆ. ಬಿರುಕು ಆರಡಿಗೆ ನಿಲ್ಲದೆ ಹದಿನೈದು ಅಡಿ ಒಳಗೆ ಓಡುವುದು ಈ ಕಾರಣಕ್ಕೆ.

ಮೊದಲು ಕಾಗದದ ಕೆಲಸ. ಅಳತೆ ರಸ್ತೆಯ ಮಧ್ಯರೇಖೆಯಿಂದ ಆಗಬೇಕು. ಎದುರು ಸಾಲಿಗೆ ಎಷ್ಟು ಗುರುತಾಗಿದೆ ಎಂದು ಟೇಪು ಹಿಡಿದು ನೋಡಿ. ಸಿಟಿ ಸರ್ವೆ ನಕ್ಷೆಯ ಪ್ರತಿ, ಖಾತಾ, ಹಳೆಯ ಕಂದಾಯ ರಸೀದಿಗಳನ್ನು ಒಟ್ಟು ಮಾಡಿ. ಮಾಸ್ಟರ್ ಪ್ಲಾನ್‌ನಲ್ಲಿ ರಸ್ತೆಯ ಅಗಲ ಎಷ್ಟಿದೆ, ಯಾವ ಆದೇಶದ ಮೇಲೆ ಗುರುತು ಹಾಕಿದರು ಎಂಬುದನ್ನು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ಗೆರೆ ಇದೆ ಎಂದಾಕ್ಷಣ ನಿಮ್ಮ ಸ್ವಂತ ಜಾಗ ಪಾಲಿಕೆಯದಾಗುವುದಿಲ್ಲ. ಭೂಸ್ವಾಧೀನವಾಗಬೇಕು, ಇಲ್ಲವೇ ನೀವು ಒಪ್ಪಿ ಮಾರಬೇಕು, ಇಲ್ಲವೇ ಜಾಗದ ಬದಲಿಗೆ ಟಿಡಿಆರ್ ಪತ್ರ (ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸುವ, ಇಲ್ಲವೇ ಮಾರಬಹುದಾದ ಹಕ್ಕುಪತ್ರ) ಪಡೆಯಬೇಕು. ಕಟ್ಟೆ, ಮೆಟ್ಟಿಲು ರಸ್ತೆ ಜಾಗದ ಮೇಲಿದ್ದರೆ ಮಾತ್ರ ಮಾತು ಬೇರೆ, ಅದಕ್ಕೆ ಪರಿಹಾರ ಕೇಳಲಾಗದು. 2013ರ ಭೂಸ್ವಾಧೀನ ಕಾಯ್ದೆಯಡಿ ಹೋದರೆ ಜಾಗ ಮತ್ತು ಕಟ್ಟಡದ ಬೆಲೆಯ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಜಾಗ ಕಳೆದುಕೊಂಡದ್ದಕ್ಕೆ ಕೊಡುವ ಹೆಚ್ಚುವರಿ ಹಣ) ಸೇರುತ್ತದೆ. ಹೆಚ್ಚಿನವರಿಗೆ ತಿಳಿಯದ ಮಾತೊಂದು ಅದೇ ಕಾಯ್ದೆಯ 94ನೇ ಕಲಮಿನಲ್ಲಿದೆ: ಕಟ್ಟಡದ ಒಂದು ಭಾಗ ಮಾತ್ರ ಬೇಕೆಂದಾಗ, ಪೂರ್ತಿ ಕಟ್ಟಡ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕು ಮಾಲೀಕರಿಗಿದೆ. ಉಳಿಯುವ ಭಾಗ ಯಾವ ಕೆಲಸಕ್ಕೂ ಬಾರದಷ್ಟು ಚಿಕ್ಕದಾದರೆ ಇದನ್ನು ಲಿಖಿತವಾಗಿ ಕೇಳಿ.

ಇನ್ನು ಬಿಡಿಸುವ ಕ್ರಮ. ಒಳಗೆ ನಿಂತು ತೊಲೆ, ಅಂದರೆ ಚಾವಣಿ ಹೊರುವ ದಪ್ಪ ಮರ, ಯಾವ ಕಡೆ ಓಡಿದೆ ನೋಡಿ. ತೊಲೆ ರಸ್ತೆಗೆ ಸಮಾನಾಂತರವಾಗಿದ್ದು, ಮುಂದಿನ ಗೋಡೆಯಿಂದ ಮೊದಲ ಕಂಬಸಾಲಿಗೆ ಜಂತಿ (ತೊಲೆಯ ಮೇಲೆ ಅಡ್ಡ ಹಾಸುವ ಸಣ್ಣ ಮರ) ಹಾಸಿದ್ದರೆ ಕೆಲಸ ಸುಲಭ. ಗುರುತು ಅಂಕಣದ (ಗೋಡೆಗೂ ಕಂಬಸಾಲಿಗೂ ನಡುವಿನ ಭಾಗದ) ನಡುವೆ ಬಿದ್ದರೂ ಆ ಅಂಕಣವನ್ನು ಕಂಬಸಾಲಿನವರೆಗೆ ಪೂರ್ತಿ ಬಿಚ್ಚಿ. ಅರ್ಧಕ್ಕೆ ಕತ್ತರಿಸಿದ ಜಂತಿಗೆ ಕೂರಲು ಜಾಗವಿರದು. ತೊಲೆ ರಸ್ತೆಗೆ ಅಡ್ಡವಾಗಿ ಬಂದು ಮುಂಗೋಡೆಯ ಮೇಲೆ ಕೂತಿದ್ದರೆ, ಎಂಜಿನಿಯರ್ ಇಲ್ಲದೆ ಒಂದು ಕಲ್ಲನ್ನೂ ಅಲುಗಿಸಬೇಡಿ.

ಮೊದಲು ಇಳಿಯಬೇಕಾದ್ದು ಮೇಲಿನ ಮಣ್ಣು. ಉದಾಹರಣೆಗೆ, 12 ಅಡಿ ಅಗಲ, 6 ಅಡಿ ಉದ್ದ, 9 ಅಂಗುಲ ದಪ್ಪ ಎಂದರೆ 54 ಘನ ಅಡಿ. ಒಣ ಮಣ್ಣೇ ಸುಮಾರು ಎರಡೂವರೆ ಟನ್ ತೂಗುತ್ತದೆ. ಅದನ್ನು ಪುಟ್ಟಿಯಲ್ಲಿ ಇಳಿಸಿ, ಮಾಳಿಗೆಯ ಇನ್ನೊಂದು ಮೂಲೆಗೆ ಗುಡ್ಡೆ ಹಾಕಬೇಡಿ. ಬಳಿಕ ಉಳಿಯುವ ಮೊದಲ ತೊಲೆಯ ಕೆಳಗೆ ಮೂರು ಅಡಿಗೊಂದರಂತೆ ಕಬ್ಬಿಣದ ಜಾಕಿ ಕೊಡಿ. ಜಾಕಿಯ ಮೇಲೂ ಕೆಳಗೂ ದಪ್ಪ ಹಲಗೆ ಇರಲಿ. ಬಿಗಿಯಾಗುವಷ್ಟು ತಿರುಗಿಸಿದರೆ ಸಾಕು. ತೊಲೆಯನ್ನು ಎತ್ತಲು ಹೋದರೆ ಬೋದಿಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ಮರ) ಕಳಚುತ್ತದೆ. ಪಕ್ಕದ ಗೋಡೆಗಳನ್ನು ಮೇಲಿನಿಂದ ವರಸೆ ವರಸೆಯಾಗಿ ಕೈ ಉಳಿಯಿಂದ ಬಿಡಿಸಿ. ಬಿಚ್ಚಿದ ತುದಿಯನ್ನು ಹಾಗೇ ಬಿಟ್ಟರೆ ಮೊದಲ ಮಳೆಗೆ ಕೆಸರು ಕರಗಿ ಇಳಿಯುತ್ತದೆ. ಅದೇ ವಾರ ಅಲ್ಲಿ ಕಂಬ ಎಬ್ಬಿಸಿ, ಎರಡು ಅಡಿ ಎತ್ತರಕ್ಕೊಮ್ಮೆ ಹಳೆ ಗೋಡೆಯ ಎರಡೂ ಮುಖ ಹಿಡಿಯುವಂಥ ಉದ್ದಗಲ್ಲು ಸೇರಿಸಿ.

ಹೊಸ ಮುಂಗಟ್ಟಿಗೆ ಶಟರ್ ಇಡುವಾಗ ಮೇಲಿನ ಕಬ್ಬಿಣದ ತೊಲೆಯ ಗಾತ್ರವನ್ನು ಎಂಜಿನಿಯರ್ ಲೆಕ್ಕ ಹಾಕಲಿ. ವೆಲ್ಡಿಂಗ್ ಅಂಗಡಿಯ ಅಂದಾಜು ಬೇಡ. ಆ ತೊಲೆ ಎರಡೂ ಕಡೆ ಕನಿಷ್ಠ 9 ಅಂಗುಲ ಕೂರಬೇಕು, ಅದೂ ಕಾಂಕ್ರೀಟ್ ದಿಂಬಿನ ಮೇಲೆ. ಕೆಸರಿನಲ್ಲಿ ಕಟ್ಟಿದ ಕಲ್ಲಿನ ಮೇಲೆ ನೇರ ಕೂರಿಸಿದರೆ ಭಾರವೆಲ್ಲ ಒಂದೇ ಕಲ್ಲಿಗೆ ಬಿದ್ದು, ಅದು ಹೊರಕ್ಕೆ ಜಾರುತ್ತದೆ.

ಪಕ್ಕದವರ ತೊಲೆ ನಿಮ್ಮ ಗೋಡೆಯಲ್ಲಿ ಕೂತಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಹಳೆ ಪೇಟೆಯಲ್ಲಿ ಜಂಟಿ ಗೋಡೆಯೇ ಹೆಚ್ಚು. ಇಬ್ಬರೂ ಕೂಡಿ ಒಂದೇ ವಾರದಲ್ಲಿ ಬಿಡಿಸುವುದು ಕ್ಷೇಮ. ತೇಗದ ಬಾಗಿಲು, ಚೌಕಟ್ಟು, ಕಂಬಗಳನ್ನು ನಂಬರ್ ಬರೆದು ತೆಗೆದಿಡಿ. ಹೊಸ ಮುಂಭಾಗಕ್ಕೆ ಅವನ್ನೇ ಕೂರಿಸಬಹುದು. ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟರೆ ಅಂಥ ಮರ ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ಬ್ರೂಸ್‌ಪೇಟೆಯಲ್ಲಿ 10×12ರ ಬಾಡಿಗೆ ಅಂಗಡಿ, ಮೂವತ್ತು ವರ್ಷದಿಂದ ನಡೆಸ್ತಿದೀನಿ. ಮಾಲೀಕರು ಹಳೆ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ತಾರಂತೆ. "ನಿಮಗೊಂದು ಅಂಗಡಿ ಇದ್ದೇ ಇದೆ" ಅಂತ ಬಾಯಿಮಾತಿನಲ್ಲಿ ಹೇಳಿದ್ದಾರೆ. ನಂಬಬಹುದಾ?

ಉತ್ತರ: ಮಾಲೀಕರು ಒಳ್ಳೆಯವರೇ ಇರಬಹುದು. ಆದರೆ ಕಟ್ಟುವವರು ಬಿಲ್ಡರ್, ಜಂಟಿ ಒಪ್ಪಂದದಲ್ಲಿ ನೆಲಮಹಡಿ ಯಾರ ಪಾಲಿಗೆ ಹೋಗುತ್ತದೋ ನಿಮಗೆ ತಿಳಿಯದು. ಆದ್ದರಿಂದ ಬರಹದಲ್ಲಿ ಬೇಕು, ಅದರಲ್ಲಿ ಬಿಲ್ಡರ್ ಸಹಿಯೂ ಬೇಕು. ನಕ್ಷೆಯಲ್ಲಿನ ಅಂಗಡಿ ನಂಬರ್, ಚದರಡಿ, ರಸ್ತೆ ಕಡೆಯ ಅಗಲ, ಬಾಡಿಗೆ, ಒಪ್ಪಿಸುವ ತಾರೀಕು, ಕಟ್ಟುವಷ್ಟು ದಿನ ವ್ಯಾಪಾರಕ್ಕೆ ಬದಲಿ ಜಾಗ, ತಡವಾದರೆ ತಿಂಗಳಿಗೆ ಇಷ್ಟು ಎಂಬುದೆಲ್ಲ ಅದರಲ್ಲಿರಲಿ. "ರಸ್ತೆ ಕಡೆಯ ಅಗಲ" ಬರೆಸದೆ ಬಿಟ್ಟವರಿಗೆ ಹಿಂದಿನ ಓಣಿಯ ಅಂಗಡಿ ಸಿಕ್ಕೀತು. ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಕಾನೂನಿನ ಬಲ ಅಂಗಡಿಯ ಅಳತೆಯ ಮೇಲೆ ನಿಂತಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರಿ ಮಳಿಗೆಗಳಲ್ಲಿ 14 ಚದರ ಮೀಟರ್ ಮೀರದವಕ್ಕೆ ಮಾತ್ರ ಅನ್ವಯ. ಅಂದರೆ ಸುಮಾರು 150 ಚದರಡಿ. ನಿಮ್ಮದು 120 ಚದರಡಿ, ಅಂದರೆ 11 ಚದರ ಮೀಟರ್ ಚಿಲ್ಲರೆ. ಆದರೆ ಲೆಕ್ಕ ಗೋಡೆ ಸೇರಿದ ಪ್ಲಿಂತ್ ಏರಿಯಾದ್ದು. ಒಂದೂವರೆ ಅಡಿಯ ಕಲ್ಲುಗೋಡೆ ಸೇರಿಸಿದರೆ ಮಿತಿ ದಾಟಬಹುದು. ಈಗಲೇ ಅಳೆಸಿಡಿ. ಮಿತಿಯೊಳಗಿದ್ದರೆ ಕಾಯ್ದೆ ಹೇಳುವ ಕಾರಣ ತೋರಿಸಿ ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಮೀರಿದರೆ ತಿಂಗಳ ಬಾಡಿಗೆದಾರರಿಗೆ 15 ದಿನದ ನೋಟಿಸ್ ಸಾಕು. ಆದರೂ ಬೀಗ ಒಡೆದು ಸಾಮಾನು ಹೊರಹಾಕುವ ಹಕ್ಕು ಯಾರಿಗೂ ಇಲ್ಲ. ಬಾಡಿಗೆ ರಸೀದಿ, ಟ್ರೇಡ್ ಲೈಸೆನ್ಸ್, ಜೆಸ್ಕಾಂ ಕರೆಂಟ್ ಬಿಲ್ಲು ಒಂದೇ ಕಡೆ ಇಡಿ. ಕರಾರು ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ.

ಪ್ರಶ್ನೆ: ಮಾಳಿಗೆ ಸೋರುತ್ತಿದೆ. ಮೇಲೆ ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿದರೆ ಶಾಶ್ವತ ಅಂತ ಮೇಸ್ತ್ರಿ ಹೇಳ್ತಾರೆ.

ಉತ್ತರ: ದಯವಿಟ್ಟು ಬೇಡ. ನಾಲ್ಕು ಅಂಗುಲ ಕಾಂಕ್ರೀಟ್ ಚದರಡಿಗೆ 22 ಕೆಜಿಗೂ ಹೆಚ್ಚು ತೂಗುತ್ತದೆ. 120 ಚದರಡಿಗೆ ಎರಡೂವರೆ ಟನ್ ಮೀರಿದ ಹೊಸ ಭಾರ, ಹಳೆ ಜಂತಿಯ ಮೇಲೆ. ಕಾಂಕ್ರೀಟ್ ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರಲಾರದೆ ಮಣ್ಣಿನಲ್ಲೇ ನಿಂತು, ಜಂತಿಯ ತುದಿಯನ್ನು ಗೋಡೆಯೊಳಗೆ ಕೊಳೆಸುತ್ತದೆ. ಕೆಳಗಿನಿಂದ ಏನೂ ಕಾಣದು, ಒಂದು ದಿನ ಕುಸಿಯುತ್ತದೆ.

ಸೋರಿಕೆಗೆ ಮೂಲ ಸಾಮಾನ್ಯವಾಗಿ ಮೂರು ಕಡೆ: ಹುಲ್ಲಿನ ಬೇರು ಮತ್ತು ಇಲಿ ಬಿಲ, ಕೈಪಿಡಿ ಗೋಡೆ (ಪ್ಯಾರಾಪೆಟ್) ಮಾಳಿಗೆಗೆ ಸೇರುವ ಮೂಲೆ, ನೀರು ಹೋಗುವ ದೋಣಿಯ ಬಾಯಿ. ಬಿಸಿಲಿರುವಾಗಲೇ, ಮೃಗಶಿರಾ ಮಳೆಗೆ ಮುಂಚೆ ಕೆಲಸ ಮುಗಿಸಿ. ಹುಲ್ಲನ್ನು ಬೇರುಸಹಿತ ಕಿತ್ತು, ಮೇಲಿನ ಎರಡು ಅಂಗುಲ ಸಡಿಲ ಮಣ್ಣು ಕೆರೆದು ಇಳಿಸಿ. ಇಲ್ಲೇ ಎಲ್ಲರೂ ತಪ್ಪುವುದು. ಹಳೆಯದನ್ನು ಇಳಿಸದೆ ವರ್ಷ ವರ್ಷ ಹೊಸ ಮಣ್ಣು ಹಾಕಿ, 9 ಅಂಗುಲದ ಮಾಳಿಗೆ ಒಂದೂವರೆ ಅಡಿ ಆಗಿರುತ್ತದೆ. ಕೆರೆದ ಮೇಲೆ ಜಂತಿ ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ; ಅರ್ಧ ಅಂಗುಲ ಸಲೀಸಾಗಿ ಇಳಿದರೆ ಆ ಜಂತಿ ಬದಲಿಸಿ.

ಮೇಲೆ ಎರಡು ಅಂಗುಲ ಚೌಳು ಮಣ್ಣು ಹಾಕಿ. ಚೌಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದರೆ ಅದರ ನುಣ್ಣನೆಯ ಕಣಗಳು ಬಿಡಿಸಿಕೊಂಡು ರಂಧ್ರ ಮುಚ್ಚುತ್ತವೆ, ಅದಕ್ಕೇ ನೀರು ಇಳಿಯದು. ಪರೀಕ್ಷೆ ಸುಲಭ: ಒಂದು ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಬಿಡಿ. ಕಲಕದೆಯೇ ನೀರು ಕದಡಿ ಗಂಟೆಗಟ್ಟಲೆ ತಿಳಿಯಾಗದಿದ್ದರೆ ಅದು ಒಳ್ಳೆಯ ಚೌಳು. ದೋಣಿ ಕಡೆಗೆ ನಾಲ್ಕು ಅಡಿಗೆ ಒಂದು ಅಂಗುಲ ಇಳಿಜಾರು ಕೊಟ್ಟು, ನೀರು ಚಿಮುಕಿಸಿ ದಿಮ್ಮಸು ಬಡಿಯಿರಿ. ಮೂಲೆಗಳಿಗೆ ಸುಣ್ಣದ ಗಾರೆಯಿಂದ ಓರೆಯಾಗಿ ಗೋಲಾ ಎಳೆಯಿರಿ. ಸಿಮೆಂಟ್ ಅಲ್ಲಿ ಮಣ್ಣಿನಿಂದ ಬಿಟ್ಟುಕೊಳ್ಳುತ್ತದೆ. ನೀರಿನ ಟ್ಯಾಂಕನ್ನು ಮಾಳಿಗೆಯ ನಡುವಿನಿಂದ ತೆಗೆಯಿರಿ: 500 ಲೀಟರ್ ಎಂದರೆ ಒಂದೇ ಕಡೆ ಅರ್ಧ ಟನ್. ಹಿತ್ತಿಲಲ್ಲಿ ಬೇರೆ ಸ್ಟ್ಯಾಂಡ್ ಮಾಡಿಸಿ.

ಪ್ರಶ್ನೆ: ಕೋಟೆ ಹತ್ತಿರ ನಮ್ಮ ಹಳೆ ಮನೆ ಇದೆ. ಕೆಳಗೆ ಎರಡು ಅಂಗಡಿ ಮಾಡಬಹುದಾ?

ಉತ್ತರ: ಬಳ್ಳಾರಿ ಕೋಟೆ ಕೇಂದ್ರದ ರಕ್ಷಿತ ಸ್ಮಾರಕ. ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ; 1992ರ ಜೂನ್ 16ಕ್ಕೆ ಮುಂಚಿನ ಕಟ್ಟಡವಾದರೆ ದುರಸ್ತಿಗೆ ಅನುಮತಿ ಕೇಳಬಹುದು. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಲೂ ಅನುಮತಿ ಬೇಕು. ಮನೆಯ ಕಾಲ ತೋರಿಸುವ ಹಳೆ ಕಂದಾಯ ರಸೀದಿ ಮೊದಲು ಹುಡುಕಿ. ಪಾಲಿಕೆಯ ಪರವಾನಗಿ ಬೇರೆ, ಇದು ಬೇರೆ. ಒಂದಿದ್ದರೆ ಇನ್ನೊಂದು ಇದ್ದಂತಲ್ಲ.

ಪ್ರಶ್ನೆ: ಬೆಂಗಳೂರು ರಸ್ತೆ ಕಡೆ ಹಳೆ ಅಂಗಡಿ ಸಾಲು ತೆಗೆದು ಕಾಂಪ್ಲೆಕ್ಸ್ ಕಟ್ಟಿಸಿದೆವು. ನೆಲಮಹಡಿ ಅಂಗಡಿಗಳೇ ಖಾಲಿ. ಎಲ್ಲಿ ತಪ್ಪಿದೆ?

ಉತ್ತರ: ನೀವು ಕಳಿಸಿದ ಫೋಟೊದಲ್ಲೇ ಕಾಣುತ್ತದೆ. ಅಂಗಡಿ ಸಾಲು ರಸ್ತೆಯಿಂದ ನಾಲ್ಕು ಅಡಿ ಮೇಲಿದೆ, ಏಳೆಂಟು ಮೆಟ್ಟಿಲು, ಮುಂದೆ ಬೈಕುಗಳ ಸಾಲು. ಚೀಲ ಹಿಡಿದ ಅಮ್ಮಂದಿರು, ಮಂಡಿನೋವಿನ ಹಿರಿಯರು ಹತ್ತುವುದಿಲ್ಲ. ನಡೆದುಹೋಗುವವರಿಗೆ ಸರಕು ಕಾಣದು, ಕಾಣುವುದು ಮೆಟ್ಟಿಲು. ಹಳೆ ಸಾಲಿನಲ್ಲಿ ಕಟ್ಟೆ ಒಂದೂವರೆ ಅಡಿ ಇದ್ದಿರಬೇಕು: ಕೂರಲು ಆಗುವ ಎತ್ತರ, ದಾರಿಯಿಂದಲೇ ಕೈಗೆಟಕುವ ಸರಕು.

ಈಗಲೂ ಮಾಡಬಹುದಾದದ್ದಿದೆ. ನಡುವಿನ ಎರಡು ಕಡೆ ಬೈಕ್ ನಿಲುಗಡೆ ತೆಗೆದು ಇಳಿಜಾರು ಕೊಡಿ. ನಾಲ್ಕು ಅಡಿ ಏರಲು 48 ಅಡಿ ಉದ್ದ ಬೇಕು. ಅಷ್ಟು ನೇರ ಜಾಗವಿಲ್ಲದಿದ್ದರೆ ಕಟ್ಟಡಕ್ಕೆ ಸಮಾನಾಂತರವಾಗಿ ಓಡಿಸಿ, ನಡುವೆ ಒಂದು ಸಮತಟ್ಟು ಬಿಡಿ. ಮೆಟ್ಟಿಲು ಆರು ಅಂಗುಲ ಮೀರದಿರಲಿ, ಎರಡೂ ಬದಿ ಹಿಡಿಕೆ ಇರಲಿ. 20 ಅಡಿಯ ದೊಡ್ಡ ಮಳಿಗೆಗಳನ್ನು 10 ಅಡಿಗೆ ಸೀಳಿದರೆ ಕಿರಾಣಿ, ಬಳೆ, ಟೈಲರ್‌ನಂಥವರೂ ಬಾಡಿಗೆ ಹೊರಬಲ್ಲರು. ಅಂಥ ನಾಲ್ಕು ಅಂಗಡಿ ತೆರೆದರೆ ಉಳಿದವಕ್ಕೂ ಗಿರಾಕಿಗಳು ಬರುತ್ತಾರೆ. ಪಶ್ಚಿಮಕ್ಕೆ ಮುಖವಿದ್ದರೆ ಮಧ್ಯಾಹ್ನ ಮೂರರಿಂದ ಬಿಸಿಲು ನೇರ ಗಾಜಿಗೆ ಬೀಳುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಅಲ್ಲಿ ಯಾರೂ ನಿಲ್ಲಲಾರರು. ನಿಮ್ಮ ಗಡಿಯೊಳಗೇ ಐದು ಅಡಿ ಚಾಚಿದ ನೆರಳು ಮಾಡಿಸಿ, ಅದರ ಕೆಳಗೆ ಕೂರಲು ಒಂದು ಕಲ್ಲುಕಟ್ಟೆ ಬಿಡಿ.